ಕೋಟೆಯ ಮುಂದೊಂದು ಪಟ

ಊರು ಬಿಟ್ಟು ಊರಿಗೆ ಹೊರಟ ಸಂಸಾರವೊಂದು ದಾರಿಯಲ್ಲಿ ಹಳೆಯ ಕೋಟೆಯನ್ನೋ ಗುಡಿಯನ್ನೋ ಕಂಡರೆ, ಅದರ ಮುಂದೆ ನಿಂತು ಒಂದು ಪಟ ತೆಗೆಸಿಕೊಳ್ಳದೆ ಮುಂದಕ್ಕೆ ಹೋಗುವುದು ಅಪರೂಪ. ಇದು ಈಗ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಈ ರೂಢಿಗೂ ಒಂದು ಚರಿತ್ರೆ ಉಂಟೆಂಬುದು ನಮಗೆ ಹೊಳೆಯುವುದೇ ಇಲ್ಲ. ಹಿರಿಯರು ನಡುವೆ, ಮಕ್ಕಳು ಮುಂದೆ, ಹೊಸದಾಗಿ ಮದುವೆಯಾದವರು ಒಂದು ಪಕ್ಕಕ್ಕೆ. ‘ಇನ್ನೊಂದಿಷ್ಟು ಒತ್ತಿ ನಿಂದರ್ರಿ’ ಎಂದು ತೆಗೆಯುವವನ ಅಪ್ಪಣೆ. ಕಣ್ಣಿಗೆ ಹೊಡೆಯುವ ಬಿಸಿಲು. ಒಂದು ಕ್ಷಣದ ನಗೆ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಬೆನ್ನ ಹಿಂದೆ ಏಳುನೂರು ವರ್ಷದ ಗೋಡೆ ನಿಂತಿರುತ್ತದೆ; ತಿರುಗಿ ಅದನ್ನು ನೋಡುವುದಕ್ಕೆ ಬಸ್ಸಿನ ವೇಳೆ ಅವಕಾಶ ಕೊಡುವುದಿಲ್ಲ.

ತಿಳಿದವರು ಇದನ್ನು ಹಗುರಾಗಿ ಕಾಣುವುದುಂಟು. ಕೋಟೆ ನೋಡಬಂದವರು ಕೋಟೆಗೆ ಬೆನ್ನು ಮಾಡಿ ನಿಲ್ಲುತ್ತಾರೆಂಬುದು ಅವರ ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಾನು ಹೇಳಹೊರಟಿರುವುದು ಬೇರೆ ಮಾತು. ಹೀಗೆ ತೆಗೆಸಿಕೊಂಡ ಪಟ ಮನೆಯ ನೆನಪು ಮಾತ್ರವಲ್ಲ, ಊರಿನ ಚರಿತ್ರೆಗೂ ಒಂದು ಆಧಾರ. ಅದನ್ನು ಆಧಾರವಾಗಿ ಉಳಿಸಿಕೊಳ್ಳಲು ಬೇಕಾದ ಶ್ರಮ ತೀರ ಅಲ್ಪ. ಆ ಅಲ್ಪ ಶ್ರಮವನ್ನು ಮಾತ್ರ ನಾವು ಮಾಡುವುದಿಲ್ಲ. ಈ ಮಾತಿಗೆ ರಾಯಚೂರಿನ ಕೋಟೆಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ.

ಮಾನ್ವಿಯವರಾದ ನಮಗೆ ರಾಯಚೂರು ಜಿಲ್ಲೆಯ ಪಟ್ಟಣ. ಕಚೇರಿಗೂ ಆಸ್ಪತ್ರೆಗೂ ಸಂತೆಗೂ ಅಲ್ಲಿಗೇ ಹೋಗಬೇಕು. ಹೊರಗಿನವರಿಗಾದರೆ ಅದು ದಾರಿಯ ನಡುವಿನ ಒಂದು ತಂಗು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ಇದು ಇಳಿದು ಹತ್ತುವವರ ಊರು. ಮಂತ್ರಾಲಯಕ್ಕೆ ಹೋಗುವವರು, ಹಂಪಿಗೆ ಹೋಗುವವರು, ಬೀಗರ ಮನೆಗೆ ಹೋಗುವವರು—ಎಲ್ಲರಿಗೂ ಮುಂದಿನ ಗಾಡಿಯ ತನಕ ಒಂದೆರಡು ತಾಸು ಕಳೆಯಬೇಕಾಗುತ್ತದೆ. ಕೋಟೆ ಬಸ್‌ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಬುತ್ತಿ ಬಿಚ್ಚಿ ಉಂಡ ಮೇಲೆ ಮಕ್ಕಳನ್ನು ಕೈಹಿಡಿದು ಗೋಡೆಯ ಬುಡಕ್ಕೆ ಹೋಗಿ ನಿಲ್ಲುವುದು ಹೀಗೆ ರೂಢಿಗೆ ಬಂತು.

ಅವರು ಬೆನ್ನು ಕೊಟ್ಟು ನಿಲ್ಲುವ ಗೋಡೆ ಎಂಥದು? ರಾಯಚೂರಿಗೆ ಎರಡು ಸುತ್ತಿನ ಕೋಟೆ. ಹೊರಸುತ್ತು ಆಮೇಲಿನ ಕಾಲದ್ದು. ಒಳಸುತ್ತು ಅದಕ್ಕಿಂತ ಹಳೆಯದು. ಭಾರಿ ಗಾತ್ರದ ಕಲ್ಲುಗಳನ್ನು ನಯವಾಗಿ ಕೆತ್ತಿ, ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂಡಿಸಿ ಕಟ್ಟಿದ್ದು. ಈ ಒಳಗೋಡೆಯ ಪಡುವಣ ಭಾಗದಲ್ಲಿ ಒಂದೇ ಕಲ್ಲು ಒಂದೇ ಸಾಲಾಗಿ ನಲವತ್ತೊಂದು ಅಡಿಗೂ ಮೀರಿ ಹಬ್ಬಿದೆ. ಅದರ ಮೇಲೆ ಶಾಸನವಿದೆ. ಶಕ 1216, ಎಂದರೆ ಕ್ರಿಸ್ತಶಕ 1294ರದು. ಕಾಕತೀಯರ ಸೇನಾನಿ ಗೋರೆ ಗಂಗಯ್ಯರೆಡ್ಡಿಯ ಕೈಕೆಳಗಿನ ವಿಠಲನಾಥನೆಂಬವನು ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಗೆದ್ದು, ಆಮೇಲೆ ರಾಯಚೂರಿಗೆ ಬಂದು ಈ ಕಲ್ಲಿನ ಕೋಟೆಯನ್ನು ಕಟ್ಟಿಸಿದನೆಂದು ಅದರ ಸಾರ.

ಮಾನುವ ಎಂಬುದು ನಮ್ಮ ಮಾನ್ವಿಯೇ. ನಮ್ಮೂರಿನವರು ರಾಯಚೂರಿಗೆ ಬಂದು ಯಾವ ಗೋಡೆಯ ಮುಂದೆ ನಗುತ್ತ ನಿಲ್ಲುತ್ತೇವೋ, ಅದು ನಮ್ಮೂರನ್ನು ಗೆದ್ದವನು ಕಟ್ಟಿಸಿದ ಗೋಡೆ! ಸೋತ ಸಂಗತಿಯಾದರೂ ಊರಿನ ಹೆಸರು ಕಲ್ಲಿಗೆ ಬಿತ್ತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಏಳು ಶತಮಾನಗಳ ಬಳಿಕ ಗೆದ್ದವರ ಹಗೆಯೂ ಇಲ್ಲ, ಸೋತವರ ನೋವೂ ಇಲ್ಲ. ಹೆಸರು ಮಾತ್ರ ಇದೆ.

ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಅಕ್ಷರಗಳನ್ನಲ್ಲ, ಅಲ್ಲಿಯೇ ಕೆತ್ತಿರುವ ಚಿತ್ರವನ್ನು. ಇಷ್ಟು ದೊಡ್ಡ ಕಲ್ಲನ್ನು ಗಣಿಯಿಂದ ಇಲ್ಲಿಗೆ ತಂದದ್ದು ಹೇಗೆಂದು ನೋಡಿದವರಿಗೆಲ್ಲ ಅಚ್ಚರಿಯಾಗುತ್ತದೆ. ಅದಕ್ಕೆ ಉತ್ತರವನ್ನು ಕಟ್ಟಿದವರೇ ಬರೆದಿಟ್ಟು ಹೋಗಿದ್ದಾರೆ. ಗಾಲಿಗಳ ಬಂಡಿಯ ಮೇಲೆ ಉದ್ದನೆಯ ಕಲ್ಲು ಮಲಗಿದೆ. ಮುಂದೆ ಜೋಡಿಜೋಡಿಯಾಗಿ ಕೋಣಗಳ ದೊಡ್ಡ ಸಾಲು. ಅಲ್ಲಲ್ಲಿ ಅವುಗಳನ್ನು ಹುರಿದುಂಬಿಸುತ್ತಿರುವ ಹೊಡೆಯಾಳುಗಳು. ಹಿಂದಿನಿಂದ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಮಂದಿ. ರೇಖೆಗಳು ಸರಳ, ಶಿಲ್ಪಶಾಸ್ತ್ರದ ಬೆಡಗೇನೂ ಇಲ್ಲ. ಬೇಲೂರು ಹಳೆಯಬೀಡುಗಳನ್ನು ಕಂಡ ಕಣ್ಣಿಗೆ ಇದು ಮಕ್ಕಳ ಕೈಬರಹದಂತೆ ತೋರಬಹುದು. ಆದರೆ ರಾಜನ ಹೆಸರು, ಸೇನಾನಿಯ ಹೆಸರು, ಗೆದ್ದ ದುರ್ಗಗಳ ಹೆಸರು ಸಾಲದೆ, ಬೆವರು ಸುರಿಸಿ ಕಲ್ಲೆಳೆದವರ ಕೆಲಸವೂ ದಾಖಲೆಗೆ ಬರಬೇಕೆಂದು ಆ ಕಾಲದಲ್ಲಿ ಒಬ್ಬರಿಗೆ ತೋರಿತಲ್ಲ, ಅದು ಸಣ್ಣ ಸಂಗತಿಯಲ್ಲ. ಕೆಲಸ ನಡೆದ ಹೊತ್ತಿನ ಒಂದು ನೋಟವನ್ನು ಹಿಡಿದು, ಕೆಲಸ ಮುಗಿದ ಜಾಗದಲ್ಲಿಯೇ ಇಡುವುದು—ನಾವು ಕ್ಯಾಮರಾದಿಂದ ಮಾಡುವುದೂ ಅದನ್ನೇ.

ಒಂದು ಕೊರತೆ ಮಾತ್ರ ಉಳಿಯಿತು. ಅಕ್ಷರದಲ್ಲಿ ಹೆಸರುಗಳಿವೆ, ಮುಖಗಳಿಲ್ಲ. ಚಿತ್ರದಲ್ಲಿ ಆಳುಗಳಿದ್ದಾರೆ, ಅವರ ಹೆಸರುಗಳಿಲ್ಲ. ವಿಠಲನಾಥ ಹೇಗಿದ್ದನೆಂದು ನಾವು ಅರಿಯೆವು. ಸನ್ನೆಗೋಲು ಹಿಡಿದವನ ಭಂಗಿ ಕಾಣುತ್ತದೆ, ಅವನು ಯಾರ ಮಗನೆಂದು ತಿಳಿಯದು.

ಇದೇ ಗೋಡೆಗಳು ಇನ್ನೊಂದು ಬಗೆಯ ಆಳುಗಳನ್ನೂ ಕಂಡಿವೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನಿಂದ ರಾಯಚೂರನ್ನು ಗೆದ್ದುಕೊಂಡನೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಮುಂದೆ ವಿಜಯನಗರದಲ್ಲಿ ಕೆಲವು ಕಾಲ ಇದ್ದ ಪೋರ್ತುಗೀಜ ವರ್ತಕ ನೂನಿಜ್ ಆ ಮುತ್ತಿಗೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕಿತ್ತು ತಂದ ಆಳುಗಳಿಗೆ, ಕಲ್ಲಿನ ಗಾತ್ರ ನೋಡಿ ದಂಡನಾಯಕರು ಹಣ ಎಣಿಸಿಕೊಟ್ಟರೆಂದು ಅವನ ಹೇಳಿಕೆ. ಮೇಲೆ ನಿಂತು ಕೋಟೆ ಕಾಯುತ್ತಿದ್ದವರನ್ನು ಗುರಿಯಿಟ್ಟು ಹೊಡೆದ ಪೋರ್ತುಗೀಜ ಬಂದೂಕುಗಾರರ ಮುಂದಾಳಿನ ಹೆಸರು ನಮಗೆ ಸಿಕ್ಕಿದೆ: ಕ್ರಿಸ್ಟೋವಾವ್ ಡಿ ಫಿಗೇರೆದೊ. ಕಲ್ಲು ಕಿತ್ತವರ ಹೆಸರು ಇಲ್ಲ. 1294ರಲ್ಲಿ ಕಲ್ಲು ಎಳೆದು ತಂದವರು, 1520ರಲ್ಲಿ ಕಲ್ಲು ಕಿತ್ತು ಒಯ್ದವರು, ಇಂದು ಕಲ್ಲಿನ ಮುಂದೆ ನಿಲ್ಲುವವರು—ಮೂವರೂ ಒಂದೇ ವರ್ಗದವರು, ಸಾಮಾನ್ಯ ಮಂದಿ. ಮೂರನೆಯವರಿಗೆ ಮಾತ್ರ ತಮ್ಮ ಗುರುತನ್ನು ತಾವೇ ಬಿಟ್ಟುಹೋಗುವ ಉಪಾಯ ಕೈಗೆ ಬಂತು. ಅದು ಬಂದ ಬಗೆಯನ್ನು ಸ್ವಲ್ಪ ನೋಡೋಣ.

*

ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಪ್ಯಾರಿಸಿನಲ್ಲಿ. ಮಾನ್ವಿಯಲ್ಲಿ ಬಾಳಿ ಹರಿಕಥಾಮೃತಸಾರವನ್ನು ಕೊಟ್ಟ ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಕೇವಲ ಮೂವತ್ತು ವರ್ಷಗಳ ಅಂತರದಿಂದ ಅವರ ನಿಜಮುಖ ನಮಗೆ ತಪ್ಪಿತು. ಈಗ ಇರುವುದು ಭಕ್ತರ ಕಲ್ಪನೆಯ ಚಿತ್ರಗಳು.

ಕನ್ನಡನಾಡಿಗೆ ಕ್ಯಾಮರಾ ಮೊದಲು ಬಂದದ್ದು ಮನುಷ್ಯರಿಗಾಗಿ ಅಲ್ಲ, ಕಟ್ಟಡಗಳಿಗಾಗಿ ಎನ್ನಬೇಕು. 1855ರಲ್ಲಿ ಮುಂಬಯಿ ಸರಕಾರದ ಅಪ್ಪಣೆಯ ಮೇರೆಗೆ ಕ್ಯಾಪ್ಟನ್ ಬಿಗ್ಸ್ ಎಂಬವನು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ತಿರುಗಿ ಪಟಗಳನ್ನು ತೆಗೆದನು. ಅವನವೂ ಇತರರವೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಹೊರಬಂದಾಗ ಅವಕ್ಕೆ ವಿವರಣೆ ಬರೆದವರಲ್ಲಿ, ನಮ್ಮ ನೆರೆಯ ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಮೆಡೋಸ್ ಟೇಲರನೂ ಒಬ್ಬ. ಬಿಗ್ಸ್ ಬಿಜಾಪುರದ ಕಡೆ ತಿರುಗಿದ ಮರುವರ್ಷವೇ, 1856ರಲ್ಲಿ, ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪಿಯ ಪಟಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಮೂಡಿಸಿದನು.

ಆ ಕಾಲದ ಕ್ಯಾಮರಾ ಬೆಳಕನ್ನು ಹೀರಿಕೊಳ್ಳಲು ಬಹಳ ಹೊತ್ತು ಬೇಡುತ್ತಿತ್ತು. ಮುಂದೆ ನಡೆದುಹೋದವನು ಪಟದಲ್ಲಿ ಮೂಡುತ್ತಲೇ ಇರಲಿಲ್ಲ. ಕಂಬದ ಎತ್ತರ, ಬಾಗಿಲಿನ ಅಗಲ ತೋರಿಸಬೇಕಾದಾಗ ಒಬ್ಬ ಆಳನ್ನು ಪಕ್ಕದಲ್ಲಿ ಅಲುಗಾಡದಂತೆ ನಿಲ್ಲಿಸುವುದು ಆ ದಿನಗಳ ಪದ್ಧತಿ. ಕಟ್ಟಡವನ್ನು ಅಳೆಯಲು ಇಟ್ಟ ಅಳತೆಗೋಲು ಅವನು. ಅವನ ಹೆಸರು ಕೇಳುವ ಕಾರಣ ಯಾರಿಗೂ ಇರಲಿಲ್ಲ. ಇಂದಿನ ಕುಟುಂಬದ ಪಟದಲ್ಲಿ ಇದು ತಿರುಗುಮುರುಗಾಗಿದೆ. ಮನುಷ್ಯರೇ ಮುಖ್ಯ, ಕಟ್ಟಡ ಹಿಂದಿನ ಪರದೆ.

ಆ ಹಳೆಯ ಪಟಗಳ ಬೆಲೆಗೆ ಒಂದೇ ನಿದರ್ಶನ ಕೊಡುತ್ತೇನೆ. ಹಂಪಿಯ ವಿಠಲ ದೇವಾಲಯದ ಕಲ್ಲಿನ ರಥ ಎಲ್ಲರಿಗೂ ಪರಿಚಿತ. 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ಅದು ನಮ್ಮ ಕಿಸೆಗೇ ಬಂದಿದೆ. ನಾವು ಕಾಣುವ ರಥಕ್ಕೆ ಮೇಲೆ ಶಿಖರವಿಲ್ಲ. ಗ್ರೀನ್‌ಲಾ ತೆಗೆದ ಪಟದಲ್ಲಿ ಇಟ್ಟಿಗೆಯ ಶಿಖರ ಇದೆ. ಆಮೇಲೆ ಅದು ಹೋಯಿತು. ಆ ಒಂದು ಹಾಳೆ ಉಳಿಯದೆ ಇದ್ದಿದ್ದರೆ, ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಾವೆಲ್ಲ ನಂಬಿ ಸುಮ್ಮನಿರುತ್ತಿದ್ದೆವು.

ಕಟ್ಟಡ ಬಿಟ್ಟು ಕುಟುಂಬದ ಕಡೆಗೆ ಕ್ಯಾಮರಾ ತಿರುಗಿದ್ದು, 1948ರವರೆಗೆ ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ಮೊದಲು ಅರಮನೆಗಳಲ್ಲಿ. ಆರನೆಯ ನಿಜಾಮ ಮಹಬೂಬ್ ಅಲಿಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರ ಹೆಸರನ್ನು ಇಲ್ಲಿ ನೆನೆಯಬೇಕು. ಅವರು ಕೋಟೆ ಕೊತ್ತಲಗಳನ್ನೂ ತೆಗೆದರು, ನವಾಬರ ಪರಿವಾರಗಳನ್ನೂ ತೆಗೆದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದರ ಉಸ್ತುವಾರಿಗೆ ಇಂಗ್ಲಿಷ್ ಮಹಿಳೆಯೊಬ್ಬರನ್ನು ನೇಮಿಸಿದರು. ಒಳಮನೆಯ ಹೆಂಗಸು ಪಟದಲ್ಲಿ ಕಾಣಿಸಿಕೊಳ್ಳಲು ಅಂದು ಎಷ್ಟೊಂದು ಏರ್ಪಾಟು ಬೇಕಾಗಿತ್ತು! ನಾಲ್ಕು ಗೋಡೆಗಳ ನಡುವೆ, ಹೆಂಗಸಿನ ಎದುರಿಗೆ ಮಾತ್ರ. ಅದನ್ನು ನೆನೆದರೆ, ಹೆಣ್ಣುಮಕ್ಕಳು ಬಟ್ಟಬಯಲಿನಲ್ಲಿ ಕೋಟೆಯ ಮುಂದೆ ಗಾಳಿಗೆ ಸೆರಗು ಹಾರಿಸಿಕೊಂಡು ನಿಂತ ಪಟಗಳ ಬೆಲೆ ತಿಳಿಯುತ್ತದೆ.

ಸಾಮಾನ್ಯರಿಗೆ ಪಟದ ಭಾಗ್ಯ ಬಂದದ್ದು ಪೇಟೆಯ ಸ್ಟುಡಿಯೋಗಳಿಂದ. ಅಲ್ಲಿ ಹಿಂದೆ ಇಳಿಬಿಟ್ಟ ಪರದೆಯ ಮೇಲೆ ತಾಜಮಹಲೋ ಹೂದೋಟವೋ ಮೆಟ್ಟಿಲುಸಾಲೋ ಇರುತ್ತಿತ್ತು. ಆಗ್ರಾ ನೋಡದವರೂ ತಾಜಮಹಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂಡಬಹುದಾಗಿತ್ತು. ಮುಖದಲ್ಲಿ ನಗೆಯಿಲ್ಲ; ಕೈ ಮೊಣಕಾಲ ಮೇಲೆ; ಕಣ್ಣು ಬಿಟ್ಟಂತೆಯೇ ಇದೆ. ದೇವರ ಮುಂದೆ ಕೂತವರಿಗೂ ಇಷ್ಟು ಬಿಗಿ ಇರಲಾರದು.

ಈ ಬಿಗಿಯನ್ನು ಸಡಿಲಿಸಿದ್ದು ಕೈಯಲ್ಲಿ ಹಿಡಿಯುವ ಕ್ಯಾಮರಾ. ಅಮೆರಿಕದ ಈಸ್ಟ್‌ಮನ್ 1888ರಲ್ಲಿ ಕೊಡಾಕ್ ಕ್ಯಾಮರಾವನ್ನೂ, ಅವನ ಕಂಪೆನಿ 1900ರಲ್ಲಿ ಒಂದು ಡಾಲರಿನ ಬ್ರೌನಿಯನ್ನೂ ಮಾರುಕಟ್ಟೆಗೆ ತಂದವು. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಆ ಬಗೆಯ ಡಬ್ಬಿ ಕ್ಯಾಮರಾ ಬಂದದ್ದು ಬಹಳ ತಡವಾಗಿ, ‘ಆಗ್ಫಾ ಕ್ಲಿಕ್’ ಎಂಬ ಹೆಸರಿನಲ್ಲಿ. ಒಂದು ರೀಲಿಗೆ ಹನ್ನೆರಡು ಚೌಕದ ಪಟಗಳು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಬೆಳಕು ತೆಗೆಯುವವನ ಬೆನ್ನಿಗಿರಬೇಕೆಂಬುದು ಅಂದಿನ ಮೊದಲ ಪಾಠ. ಆದ್ದರಿಂದಲೇ ಅಂದಿನ ಪಟಗಳಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿ ನಿಂತಿರುವುದು. ಹನ್ನೆರಡೇ ಆದ್ದರಿಂದ ಲೆಕ್ಕವೂ ಬಿಗಿ: ಗುಡಿಯ ಮುಂದೆ ಎರಡು, ಹೊಳೆಯ ದಂಡೆಗೆ ಒಂದು, ಬೀಗರ ಮನೆಯಂಗಳದಲ್ಲಿ ನಾಲ್ಕು. ಇಷ್ಟರ ನಡುವೆ ರಾಯಚೂರಿನ ಕೋಟೆಗೆ ಒಂದು ಪಟ ಸಿಕ್ಕಿತೆಂದರೆ ಅದು ಆ ಮನೆಯವರು ಕೋಟೆಗೆ ಕೊಟ್ಟ ದೊಡ್ಡ ಮರ್ಯಾದೆ.

ಆ ಉದ್ದಗಲ್ಲಿನ ಮುಂದೆ ನಿಂತವರಿಗೆ ಇನ್ನೊಂದು ಸಂಕಟ ಉಂಟು. ಕಲ್ಲು ಪೂರ್ತಿ ಬರಬೇಕೆಂದರೆ ತೆಗೆಯುವವನು ದೂರ ಸರಿಯಬೇಕು. ಆಗ ಮುಖಗಳು ಕಡಲೆಕಾಳಿನಷ್ಟಾಗುತ್ತವೆ. ಮುಖಗಳು ತಿಳಿಯಬೇಕೆಂದರೆ ಹತ್ತಿರ ಬರಬೇಕು. ಆಗ ಕಲ್ಲಿನ ತಲೆಯೂ ಇಲ್ಲ, ಬಾಲವೂ ಇಲ್ಲ. ಇಪ್ಪತ್ತೈದು ಮಂದಿ ಹೆಗಲಿಗೆ ಹೆಗಲು ತಾಗಿಸಿ ನಿಂತರೂ ಆ ಕಲ್ಲಿನ ಉದ್ದ ತುಂಬುವುದು ಕಷ್ಟ. ನಾನು ನೋಡಿದಮಟ್ಟಿಗೆ ಎಲ್ಲರೂ ಮುಖಗಳನ್ನೇ ಆರಿಸಿಕೊಂಡಿದ್ದಾರೆ. ಇದು ತಪ್ಪೆಂದು ನನಗೆ ತೋರುವುದಿಲ್ಲ.

*

ನಮ್ಮ ಮನೆಯಲ್ಲಿ ಅಂಥ ಒಂದು ಪಟವಿದೆ. ಎರಡೂಕಾಲು ಇಂಚಿನ ಚೌಕ, ಕಪ್ಪು ಬಿಳುಪು. ಹಿಂದೆ ಒಂದಕ್ಷರವೂ ಇಲ್ಲ, ತಾರೀಖೂ ಇಲ್ಲ. ಕೋಟೆಯ ಗೋಡೆಯ ಮುಂದೆ ಐದು ಮಂದಿ ನಿಂತಿದ್ದಾರೆ. ಹತ್ತು ವರ್ಷದ ಹುಡುಗಿ ನಮ್ಮವ್ವ. ಪಕ್ಕದಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ. ನಾನು ಹುಟ್ಟುವ ಮೊದಲೇ ಮೊದಲ ಹೆರಿಗೆಯಲ್ಲಿ ತೀರಿಕೊಂಡವಳು. ಅವಳ ಮದುವೆಯಲ್ಲಿ ಸ್ಟುಡಿಯೋದವರು ತೆಗೆದ ಇನ್ನೊಂದು ಪಟದಲ್ಲಿ ಅವಳು ಬೊಂಬೆಯಂತೆ ಕೂತಿದ್ದಾಳೆ. ಕೋಟೆಯ ಮುಂದೆ ಮಾತ್ರ ನಗುತ್ತಿದ್ದಾಳೆ. ‘ನಮ್ಮಕ್ಕ ಹಲ್ಲು ಕಾಣೋಹಂಗ ನಗಾಕಿ ಅಲ್ಲ. ಅವತ್ತೊಂದಿನ ನಕ್ಕಾಳ ನೋಡು’ ಎಂದು ನಮ್ಮವ್ವ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಹೇಳುತ್ತಾಳೆ. ಪಟ ತೆಗೆದವನು ಸೋದರಮಾವ. ಅವನು ಪಟದಲ್ಲಿ ಇಲ್ಲ. ಸೂರ್ಯ ಅವನ ಬೆನ್ನಿಗಿದ್ದುದರಿಂದ ಅವನ ನೆರಳು ಮಾತ್ರ ನೆಲದ ಮೇಲೆ ಉದ್ದಕ್ಕೆ ಬಿದ್ದು ಅಕ್ಕನ ಕಾಲಿನ ತನಕ ಬಂದಿದೆ.

ಈ ಪಟ ಯಾವ ವರ್ಷದ್ದು? ನಮ್ಮವ್ವನಿಗೆ ನೆನಪಿರುವುದು ಬರಗಾಲ ಸುಗ್ಗಿಗಳ ಲೆಕ್ಕ. ಪಟದ ಬಲಮೂಲೆಯಲ್ಲಿ ನಿಂತ ಬಸ್ಸಿನ ಅರ್ಧ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅದರ ಮೈಮೇಲೆ ‘ಮೈಸೂರು ರಾ’ ಎಂಬಷ್ಟು ಓದಿಗೆ ಬರುತ್ತದೆ. ಮೈಸೂರು ರಾಜ್ಯದ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿದ್ದು 1961ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ ಒಂದರಂದು. ಹಾಗಾದರೆ ಪಟ ಈ ಹನ್ನೆರಡು ವರ್ಷಗಳ ಒಳಗಿನದು. ಶಾಸನದಲ್ಲಿ ಕಾಲ ಸವೆದುಹೋದಾಗ ಲಿಪಿಯ ತಿರುವು ನೋಡಿ ಶತಮಾನ ಹೇಳುವ ಪಂಡಿತರ ರೀತಿಯೂ ಇದೇ ತಾನೆ? ಸೋದರಮಾವ ಬಸ್ಸನ್ನು ತೆಗೆಯಬೇಕೆಂದು ತೆಗೆದವನಲ್ಲ. ಬೇಡವೆಂದರೂ ಬಂದು ಸೇರಿದ ವಸ್ತುವೇ ಸಾಕ್ಷಿ ನುಡಿಯಿತು.

ಬಸ್ಸಿನ ಪಕ್ಕದಲ್ಲಿ ಬುಟ್ಟಿ ಹೊತ್ತ ಒಬ್ಬ ಹುಡುಗನಿದ್ದಾನೆ. ಅವನು ನಮ್ಮವನಲ್ಲ. ಶೇಂಗಾ ಮಾರುವವನೋ ಪೇರಲಹಣ್ಣು ಮಾರುವವನೋ, ಕ್ಯಾಮರಾ ಕಂಡು ಕುತೂಹಲದಿಂದ ನಿಂತುಬಿಟ್ಟಿದ್ದಾನೆ. ಅರ್ಧ ಶತಮಾನಕ್ಕೂ ಮೀರಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ನಮ್ಮವರೊಡನೆ ಬಾಳುತ್ತಿರುವ ಆ ಹುಡುಗನ ಮನೆಯಲ್ಲಿ ಅವನದೊಂದು ಪಟ ಇತ್ತೋ ಇಲ್ಲವೋ! ಗೋಡೆಯ ಮೇಲೆ ಸನ್ನೆಗೋಲು ಹಿಡಿದವನ ವಂಶದವನು ಅವನು ಎಂದು ನಾನು ಎಣಿಸುತ್ತೇನೆ, ಚಿತ್ರವಿದೆ, ಹೆಸರಿಲ್ಲ.

ಆ ಐವರಲ್ಲಿ ಎಡತುದಿಯ ಮುದುಕಿ ಯಾರೆಂದು ನಮ್ಮವ್ವನೊಬ್ಬಳಿಗೆ ಮಾತ್ರ ಗೊತ್ತು. ಬಳಗದಲ್ಲಿ ಈ ಮುಖಗಳಿಗೆ ಹೆಸರು ಹೇಳಬಲ್ಲ ಕೊನೆಯ ಜೀವ ಅವಳು. ಅವಳ ನೆನಪು ಮಾಸುವ ಮೊದಲು ಒಂದು ಸಂಜೆ ಅವಳನ್ನು ಕೂಡಿಸಿಕೊಂಡು, ಮೆದು ಪೆನ್ಸಿಲಿನಿಂದ ಪಟದ ಬೆನ್ನ ಮೇಲೆ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದೆ. ತೆಗೆದವನ ಹೆಸರನ್ನೂ ಸೇರಿಸಿದೆ, ನೆರಳು ಅವನದೆಂದು. ದೊಡ್ಡವ್ವನ ಹೆಸರು ಬಂದಾಗ ನಮ್ಮವ್ವ ಅದನ್ನು ತಾನೇ ಬರೆಯುತ್ತೇನೆಂದು ಪೆನ್ಸಿಲ್ ತೆಗೆದುಕೊಂಡಳು.

*

ಈಗ ಕ್ಯಾಮರಾ ಎಲ್ಲರ ಕಿಸೆಯಲ್ಲಿಯೂ ಇದೆ. ಹನ್ನೆರಡರ ಲೆಕ್ಕ ಹೋಗಿ ನೂರಿನ್ನೂರರ ಲೆಕ್ಕ ಬಂದಿದೆ. ರಜೆಯ ದಿನ ರಾಯಚೂರಿನ ಕೋಟೆಗೆ ಹೋದರೆ, ಒಂದು ಮಗು ಗೋಡೆಗೆ ಆತು ನಿಲ್ಲುವಷ್ಟರಲ್ಲಿ ಅದರ ಹತ್ತು ಪಟಗಳಾಗಿರುತ್ತವೆ. ತಾರೀಖನ್ನೂ ವೇಳೆಯನ್ನೂ ಫೋನೇ ಬರೆದುಕೊಳ್ಳುತ್ತದೆ. ಸಂತೋಷವೇ. ಆದರೆ ಎಡದಿಂದ ಎರಡನೆಯವಳು ಯಾರು, ಇವರು ಎಲ್ಲಿಗೆ ಹೊರಟಿದ್ದರು, ಯಾಕೆ ನಕ್ಕರು ಎಂಬುದನ್ನು ಯಾವ ಯಂತ್ರವೂ ತಾನಾಗಿ ಬರೆದುಕೊಳ್ಳುವುದಿಲ್ಲ. ಫೋನು ಕೆಟ್ಟ ದಿನ ನೂರಿನ್ನೂರೂ ಒಟ್ಟಿಗೆ ಹೋಗುವುದುಂಟು; ಕಾಗದದ ಪಟವಾದರೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಧೂಳು ತಿಂದುಕೊಂಡಾದರೂ ಬದುಕಿರುತ್ತದೆ.

ಕೋಟೆಗಳ ಸ್ಥಿತಿಯನ್ನು ಹೇಳುವ ಅಗತ್ಯವಿಲ್ಲ. ಊರು ಬೆಳೆಯುತ್ತದೆ, ಗೋಡೆಗೆ ಆತು ಅಂಗಡಿ ಏಳುತ್ತದೆ, ಮುಂದೆ ಕಂಬ ತಂತಿಗಳು ಬರುತ್ತವೆ, ಮಳೆಗೆ ಒಂದು ಮೂಲೆ ಜಾರುತ್ತದೆ, ದುರಸ್ತಿಯ ಹೆಸರಿನಲ್ಲಿ ಇನ್ನೊಂದು ಮೂಲೆಯ ರೂಪ ಬದಲಾಗುತ್ತದೆ. ಯಾವ ವರ್ಷ ಯಾವ ಕಲ್ಲು ಎಲ್ಲಿತ್ತೆಂಬುದಕ್ಕೆ ಸರಕಾರದ ಕಡತಗಳಲ್ಲಿ ಎಷ್ಟು ಸಾಕ್ಷಿ ಸಿಕ್ಕೀತೋ, ಅದಕ್ಕಿಂತ ಹೆಚ್ಚು ಸಾಕ್ಷಿ ನಮ್ಮ ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ, ಅಜ್ಜಿಯರ ಹೆಗಲ ಹಿಂದೆ, ಮಕ್ಕಳ ತಲೆಯ ಮೇಲೆ ಇರಬಹುದು. ಹಂಪಿಯ ರಥದ ಶಿಖರಕ್ಕೆ ಒಬ್ಬ ಗ್ರೀನ್‌ಲಾ ಸಿಕ್ಕಿದ. ಎಲ್ಲ ಊರಿನ ಎಲ್ಲ ಗೋಡೆಗೂ ಗ್ರೀನ್‌ಲಾ ಸಿಕ್ಕುವುದಿಲ್ಲ. ರಜೆಗೆ ಹೊರಟ ಸೋದರಮಾವಂದಿರೇ ಗತಿ.

ಆದುದರಿಂದ ಓದುಗರಲ್ಲಿ ನನ್ನ ವಿನಂತಿ ಚಿಕ್ಕದು. ಮುಂದಿನ ಸಲ ಮಂತ್ರಾಲಯಕ್ಕೋ ಹಂಪಿಗೋ ಹೋಗುವಾಗ ರಾಯಚೂರಿನಲ್ಲಿ ಇಳಿದರೆ, ಕೋಟೆಯ ಮುಂದೆ ಅವಶ್ಯವಾಗಿ ಪಟ ತೆಗೆಸಿಕೊಳ್ಳಿ. ಯಾರೂ ನಗಬಾರದೆಂದು ನಾನು ಹೇಳುವುದಿಲ್ಲ. ನಗಲಿ, ಆ ನಗೆಯೇ ಆಮೇಲೆ ಬೇಕಾಗುವುದು. ಗೋಡೆಯ ಒಂದಿಷ್ಟು ಭಾಗ ಹಿಂದೆ ಸ್ಪಷ್ಟವಾಗಿ ಬರುವಂತೆ ನಿಲ್ಲಿ. ತೆಗೆದಾದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ಕೋಣಗಳ ಸಾಲನ್ನು ನೋಡಿ. ಮಕ್ಕಳಿಗೆ ತೋರಿಸಿ, ಅವರೇ ಎಣಿಸಲಿ. ಮನೆಗೆ ಹೋದ ಮೇಲೆ ಅಷ್ಟರಲ್ಲಿ ಒಂದನ್ನಾದರೂ ಕಾಗದಕ್ಕೆ ಇಳಿಸಿ, ಬೆನ್ನ ಮೇಲೆ ಹೆಸರು, ಊರು, ತಾರೀಖು ಬರೆದಿಡಿ. ಮನೆಯಲ್ಲಿ ಹಳೆಯ ಪಟಗಳಿದ್ದರೆ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಉದ್ದಗಲ್ಲನ್ನು ಎಳೆದವರ ಹೆಸರು ಕೆತ್ತುವುದಕ್ಕೆ ಅಂದು ಉಳಿ ಸುತ್ತಿಗೆ ಬೇಕಾಗಿತ್ತು, ಕೆತ್ತಿಸುವ ದೊರೆಯ ಅಪ್ಪಣೆ ಬೇಕಾಗಿತ್ತು. ಇಂದು ಪೆನ್ಸಿಲಿನ ಒಂದು ತುಂಡು ಸಾಕು. ಅಪ್ಪಣೆ ಯಾರದೂ ಬೇಡ.